ಬ್ರೇಕಿನೊಳಗೆ ಅಡಗಿ ಕೂತ ಗಾಳಿ

ಸಾಗರದ ಕಡೆಯ ಓದುಗರೊಬ್ಬರ ಪತ್ರ: “ಕಾರಿನ ಮಾಸ್ಟರ್ ಸಿಲಿಂಡರ್ ಬದಲಿಸಿ, ನಾಲ್ಕೂ ಚಕ್ರಗಳ ಏರ್ ತೆಗೆಸಿದೆ. ಗ್ಯಾರೇಜಿನಿಂದ ಹೊರಟಾಗ ಬ್ರೇಕ್ ಪೆಡಲ್ ಗಟ್ಟಿಯಾಗಿಯೇ ಇತ್ತು. ಮರುದಿನ ಮಳೆಯಲ್ಲಿ ದನ ಅಡ್ಡ ಬಂತೆಂದು ಬಲವಾಗಿ ಒತ್ತಿದೆ. ದನ ಉಳಿಯಿತು, ಪೆಡಲ್ ಮಾತ್ರ ಸ್ಪಂಜಿನಂತಾಯಿತು. ಆ ಜಾಗವೇ ಸರಿಯಿಲ್ಲ, ಗಾಡಿಗೆ ದೃಷ್ಟಿ ತೆಗೆಸು ಅಂತಾರೆ ಮನೆಯಲ್ಲಿ. ಏನಿದು?”

ಇಂಥ ಪತ್ರ ಬಂದರೆ ನನಗೆ ಹಬ್ಬ. ಉತ್ತರದ ಮುಕ್ಕಾಲು ಪಾಲು ಪ್ರಶ್ನೆಯಲ್ಲೇ ಇದೆ, ಆ ಮಳೆಯ ಬ್ರೇಕಿನಲ್ಲಿ.

ಬ್ರೇಕ್ ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗುಳ್ಳೆ ಸೇರಿದರೆ ಕಾಲಿನ ಬಲ ಚಕ್ರಕ್ಕೆ ಹೋಗುವ ಬದಲು ಗುಳ್ಳೆಯನ್ನು ಅಮುಕುವುದರಲ್ಲೇ ಕಳೆದುಹೋಗುತ್ತದೆ. ಪೆಡಲ್ ಮೆತ್ತಗಾಗುವುದು ಹೀಗೆ. ಒಬ್ಬರು ಪೆಡಲ್ ತುಳಿಯುವುದು, ಇನ್ನೊಬ್ಬರು ಚಕ್ರದ ಬಳಿ ನಿಪ್ಪಲ್ ಸಡಿಲಿಸಿ ಗುಳ್ಳೆ ಹೊರಬಿಡುವುದು ಎಲ್ಲ ಗ್ಯಾರೇಜಿನವರಿಗೂ ಗೊತ್ತಿರುವ ಕೆಲಸ. ಹಳೆಯ ಗಾಡಿಗಳಿಗೆ ಅಷ್ಟು ಸಾಕಿತ್ತು.

ಎಬಿಎಸ್, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಇರುವ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರಿಗೂ ಚಕ್ರಗಳಿಗೂ ನಡುವೆ ಒಂದು ಅಲ್ಯೂಮಿನಿಯಂ ಗಟ್ಟಿ ಕೂತಿರುತ್ತದೆ. ಮುಷ್ಟಿಗಿಂತ ತುಸು ದೊಡ್ಡದು. ಅದರೊಳಗೆ ಏನೇನಿದೆ ನೋಡಿ! ಸಾಮಾನ್ಯವಾಗಿ ಒಂದೊಂದು ಚಕ್ರದ ದಾರಿಗೂ ಎರಡೆರಡು ವಾಲ್ವ್. ಒಂದು ಮಾಮೂಲಿಯಾಗಿ ತೆರೆದಿರುತ್ತದೆ, ಆಯಿಲ್ ಚಕ್ರಕ್ಕೆ ಹೋಗುವುದು ಅದರ ಮೂಲಕ. ಇನ್ನೊಂದು ಮಾಮೂಲಿಯಾಗಿ ಮುಚ್ಚಿರುತ್ತದೆ. ಅದರಾಚೆ ಪುಟ್ಟದೊಂದು ಕೋಣೆ, ಕೋಣೆಯ ಪಕ್ಕ ಪಂಪು. ಜಾರುವ ರಸ್ತೆಯಲ್ಲಿ ಚಕ್ರ ಲಾಕ್ ಆಗುವ ಲಕ್ಷಣ ಕಂಡ ಕೂಡಲೇ ಮೊದಲ ವಾಲ್ವ್ ಮುಚ್ಚಿ, ಎರಡನೆಯದು ತೆರೆದು, ಚಕ್ರದ ಕಡೆಯ ಆಯಿಲ್ ಆ ಕೋಣೆಗೆ ಇಳಿಯುತ್ತದೆ. ಬಿಗಿ ಸಡಿಲಾಗಿ ಚಕ್ರ ಮತ್ತೆ ತಿರುಗುತ್ತದೆ. ಪಂಪು ಆ ಆಯಿಲನ್ನು ಮಾಸ್ಟರ್ ಸಿಲಿಂಡರಿನ ಕಡೆಗೆ ವಾಪಸು ನೂಕುತ್ತದೆ. ಒಂದು ಸೆಕೆಂಡಿನಲ್ಲಿ ಇದು ಹಲವು ಬಾರಿ ನಡೆಯುತ್ತದೆ. ಆಗ ಪಾದಕ್ಕೆ ತಾಗುವ ಗಡಗಡ ನಡುಕಕ್ಕೆ ಹೆದರಿ ಕಾಲೆತ್ತುವವರನ್ನು ಕಂಡಿದ್ದೇನೆ. ದಯವಿಟ್ಟು ಎತ್ತಬೇಡಿ, ಅದು ಯಂತ್ರ ಕೆಲಸ ಮಾಡುತ್ತಿರುವ ಗುರುತು.

ಈಗ ಆ ಮುಚ್ಚಿದ ಕೋಣೆಯಲ್ಲಿ ಒಂದು ಗುಳ್ಳೆ ಉಳಿದಿದೆಯೆಂದುಕೊಳ್ಳಿ. ಮಾಸ್ಟರ್ ಸಿಲಿಂಡರ್ ಬಿಚ್ಚಿದಾಗಲೋ ಆಯಿಲ್ ಡಬ್ಬಿ ಪೂರ್ತಿ ಬರಿದಾದಾಗಲೋ ಹಾಗೆ ಆಗಬಹುದು. ಗ್ಯಾರೇಜಿನಲ್ಲಿ ಎಷ್ಟು ಪೆಡಲ್ ತುಳಿದರೂ ಎರಡನೆಯ ವಾಲ್ವ್ ತೆರೆಯುವುದಿಲ್ಲ, ಗುಳ್ಳೆ ಕದಲುವುದಿಲ್ಲ. ಕಾಲಿನ ಒತ್ತಡವೂ ಅದನ್ನು ಮುಟ್ಟದ ಕಾರಣ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ! ಮಳೆಯಲ್ಲಿ ದನ ಅಡ್ಡ ಬಂದು ಎಬಿಎಸ್ ಎಚ್ಚೆತ್ತ ಗಳಿಗೆಯಲ್ಲಿ ವಾಲ್ವ್ ತೆರೆಯಿತು, ಪಂಪು ತಿರುಗಿತು, ಗುಳ್ಳೆ ಮುಖ್ಯ ದಾರಿಗೆ ಬಂತು. ಪತ್ರದಲ್ಲಿರುವ ಕಥೆಗೆ ಇಷ್ಟು ಚೆನ್ನಾಗಿ ಹೊಂದುವ ಕಾರಣ ಬೇರೊಂದು ನನಗೆ ಕಾಣದು.

ಹಾಗಾಗಿ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ. ಅದನ್ನು ಡ್ಯಾಶ್‌ಬೋರ್ಡಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ, ವಾಲ್ವ್ ತೆರೆಯಲು, ಪಂಪು ಓಡಿಸಲು ಅಪ್ಪಣೆ ಕೊಡುತ್ತಾರೆ. ಕೋಣೆಯ ಗಾಳಿ ಪೈಪಿಗೆ ಬಂದ ಮೇಲೆ ಎಂದಿನಂತೆ ನಾಲ್ಕೂ ಚಕ್ರಗಳ ಏರ್ ತೆಗೆಯಬೇಕು. ಯಾವ ಚಕ್ರ ಮೊದಲು ಎಂಬುದು ಗಾಡಿಯಿಂದ ಗಾಡಿಗೆ ಬೇರೆ, ಮ್ಯಾನ್ಯುಯಲ್ ನೋಡಲೇಬೇಕು. ಖಾಲಿ ಮೈದಾನದ ಜಲ್ಲಿಯ ಮೇಲೆ ಬ್ರೇಕ್ ಹೊಡೆದು ಎಬಿಎಸ್ ಎಬ್ಬಿಸಿ ಎಂದು ಸಲಹೆ ಕೊಡುವವರಿದ್ದಾರೆ. ಬ್ರೇಕ್ ಸರಿಯಿಲ್ಲದ ಗಾಡಿಯಲ್ಲಿ ಆ ಸಾಹಸ ಖಂಡಿತ ಬೇಡ. ಇನ್ನೊಂದು ಮಾತು: ಒತ್ತಿ ಹಿಡಿದ ಪೆಡಲ್ ನಿಧಾನಕ್ಕೆ ಕೆಳಗಿಳಿಯುತ್ತಲೇ ಹೋದರೆ ಅದು ಗಾಳಿಯಲ್ಲ. ಎಲ್ಲೋ ಆಯಿಲ್ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಸೀಲು ಹೋಗಿದೆ.

ಉಳಿದದ್ದು ದೃಷ್ಟಿಯ ವಿಚಾರ. ಘಟ್ಟದ ತಿರುವುಗಳಲ್ಲಿ ಬ್ರೇಕ್ ಹೋಗಿ, ಕೆಳಗಿಳಿದ ಮೇಲೆ ತಾನಾಗಿ ಸರಿಹೋಯಿತೆಂಬ ಕಥೆಗಳನ್ನು ಕೇಳಿ ಕೇಳಿ ನನಗೆ ಬೇಸರ ಬಂದಿದೆ. ಅಲ್ಲಿ ದೆವ್ವವಿಲ್ಲ, ನೀರಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದಾಗ ಈ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆ ಘಟ್ಟವನ್ನು ಬರೀ ಬ್ರೇಕಿನಲ್ಲೇ ಇಳಿದರೆ ಕ್ಯಾಲಿಪರ್ ಕಾದು ಹಳೆಯ ಆಯಿಲ್ ಕುದಿಯಬಹುದು. ಆ ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಬುಡದಲ್ಲಿ ಗಾಡಿ ನಿಲ್ಲಿಸಿ ತಣ್ಣಗಾದರೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ, ಮೆಕ್ಯಾನಿಕ್ಕಿಗೆ ಏನೂ ಸಿಗುವುದಿಲ್ಲ. ತಪ್ಪು ತಿರುವಿನ ಮರದಲ್ಲಿದೆಯೆನ್ನುವ ದೆವ್ವದ ಮೇಲೆ ಬೀಳುತ್ತದೆ. ಘಟ್ಟ ಹತ್ತಿದ ಗೇರಿನಲ್ಲೇ ಇಳಿಯಿರಿ; ಆಯಿಲನ್ನು ಮ್ಯಾನ್ಯುಯಲ್ ಹೇಳಿದ ಅವಧಿಗೆ ಬದಲಿಸಿ. ಸೀಲು ಒಡೆದು ವರ್ಷಗಟ್ಟಲೆ ಗ್ಯಾರೇಜಿನ ಶೆಲ್ಫಿನಲ್ಲಿ ಕೂತ ಡಬ್ಬಿಯಿಂದ ಹಾಕಲು ಬಿಡಬೇಡಿ. ಅದೂ ಅಷ್ಟೂ ಮಳೆಗಾಲಗಳ ತೇವ ಕುಡಿದಿರುತ್ತದೆ.