ರಾತ್ರಿ ಪಾಳಿಯ ಲೆಕ್ಕ

ರಾತ್ರಿ 10ಕ್ಕೆ ಕೆಲಸಕ್ಕೆ ಬಂದವನು ಬೆಳಿಗ್ಗೆ 6ಕ್ಕೆ ಹೊರಟ. ಎಷ್ಟು ಹೊತ್ತು ದುಡಿದ? ಎಂಟು ಗಂಟೆ ಎಂದು ಮಕ್ಕಳೂ ಬೆರಳೆಣಿಸಿ ಹೇಳುತ್ತಾರೆ. ಡೇಟಾಬೇಸಿನಲ್ಲಿ ಬಂದ ಹೊತ್ತು 22:00, ಹೋದ ಹೊತ್ತು 06:00 ಎಂದು ಎರಡು ಕಾಲಂ ಮಾಡಿ ಕಳೆದು ನೋಡಿ, ಮೈನಸ್ 16 ಬರುತ್ತದೆ. ಉತ್ತರ ಮೈನಸ್ ಬಂದಾಗ 24 ಕೂಡಿಸಿಬಿಡಿ ಎನ್ನುವವರಿದ್ದಾರೆ. ಆದರೆ ಶನಿವಾರ ರಾತ್ರಿ 10ಕ್ಕೆ ಬಂದವನು ಬದಲಿ ಆಳು ಸಿಗದೆ ಭಾನುವಾರ ರಾತ್ರಿ 11ರ ತನಕ ನಿಂತನೆಂದುಕೊಳ್ಳಿ. ದುಡಿದದ್ದು 25 ಗಂಟೆ, ಲೆಕ್ಕ ತೋರಿಸುವುದು ಒಂದೇ ಗಂಟೆ.

ಈ ತೊಡಕು ಕಂಪ್ಯೂಟರಿಗಿಂತ ಬಹಳ ಹಳೆಯದು, ಅದನ್ನು ಬಿಡಿಸಿದವರು ಜ್ಯೋತಿಷಿಗಳು. ಗ್ರಹ ಎಲ್ಲಿದೆ ಎಂದು ತಿಳಿಯಲು ಎಷ್ಟು ದಿನ ಕಳೆದಿದೆ ಎಂಬುದು ಬೇಕು. ತಿಂಗಳು, ಅಧಿಕಮಾಸ, ತಿಥಿಕ್ಷಯ ಎಲ್ಲ ಸೇರಿದರೆ ನೇರವಾಗಿ ಕಳೆಯುವುದು ಸಾಧ್ಯವಿಲ್ಲ. ಅದಕ್ಕೆ ನಮ್ಮವರು ಕಂಡುಕೊಂಡದ್ದು ಅಹರ್ಗಣ: ಒಂದು ಆರಂಭ ಹಿಡಿದು ಅಲ್ಲಿಂದ ದಿನಗಳನ್ನು ಮಾತ್ರ ಎಣಿಸುತ್ತ ಬರುವುದು. ಆರ್ಯಭಟನಿಗೆ ಆ ಆರಂಭ ಕಲಿಯುಗದ ಮೊದಲ ಸೂರ್ಯೋದಯ, ಜೂಲಿಯನ್ ಪಂಚಾಂಗದ ಲೆಕ್ಕದಲ್ಲಿ ಕ್ರಿ.ಪೂ. 3102ರ ಫೆಬ್ರವರಿ 18. ಆ ಎಣಿಕೆ ಇಂದು 18 ಲಕ್ಷ ದಾಟಿದೆ. ಅಷ್ಟು ದೊಡ್ಡ ಸಂಖ್ಯೆಯನ್ನು ಗುಣಿಸಿ ಭಾಗಿಸುವುದು ಕಷ್ಟವೆಂದು ಗಣೇಶ ದೈವಜ್ಞ 1520ರ ಗ್ರಹಲಾಘವದಲ್ಲಿ ಆರಂಭವನ್ನೇ ತನ್ನ ಕಾಲಕ್ಕೆ ಎಳೆದುಕೊಂಡ. 4016 ದಿನಗಳ ಚಕ್ರ ಕಟ್ಟಿ, ಎಣಿಕೆ ಅದನ್ನು ಮೀರದಂತೆ ನೋಡಿಕೊಂಡ.

ಯುರೋಪಿನಲ್ಲಿ ಜೋಸೆಫ್ ಸ್ಕಾಲಿಜರ್ ಇದೇ ದಾರಿಗೆ ಬಂದದ್ದು 1583ರಲ್ಲಿ. ಹಿಂದಿನ ವರ್ಷವಷ್ಟೇ ಪೋಪ್ ಗ್ರೆಗರಿ ಪಂಚಾಂಗ ತಿದ್ದಿದ್ದರು. ಅಕ್ಟೋಬರ್ 4ರ ಮಾರನೆಯ ದಿನವೇ ಅಕ್ಟೋಬರ್ 15! ತಾರೀಖು ಕಳೆದರೆ 11 ದಿನ, ನಿಜಕ್ಕೂ ಕಳೆದದ್ದು ಒಂದು ದಿನ. ಸ್ಕಾಲಿಜರ್ 28, 19, 15 ವರ್ಷಗಳ ಮೂರು ಚಕ್ರಗಳನ್ನು ಗುಣಿಸಿ 7980 ವರ್ಷಗಳ ಅವಧಿ ಮಾಡಿದ. ಅದರ ಮೊದಲ ವರ್ಷ ಕ್ರಿ.ಪೂ. 4713. ಆ ಅವಧಿಯ ಮೇಲೆ ದಿನಗಳ ಎಣಿಕೆಯನ್ನು ಕೂರಿಸಿ ಖಗೋಳಶಾಸ್ತ್ರಕ್ಕೆ ಒಪ್ಪಿಸಿದ್ದು ಜಾನ್ ಹರ್ಷೆಲ್, 1849ರ ತನ್ನ ಪುಸ್ತಕದಲ್ಲಿ. ಜೂಲಿಯನ್ ದಿನ ಎಂದು ಕರೆಯುವ ಈ ಎಣಿಕೆಯಲ್ಲಿ ದಿನ ಶುರುವಾಗುವುದು ನಡುಮಧ್ಯಾಹ್ನಕ್ಕೆ. ರಾತ್ರಿಯಿಡೀ ನಕ್ಷತ್ರ ನೋಡುವವರಿಗೆ ನಡುರಾತ್ರಿ ದಿನ ಬದಲಾದರೆ ಒಂದೇ ರಾತ್ರಿಯ ಕೆಲಸ ಎರಡು ದಿನಕ್ಕೆ ಹರಿದುಹೋಗುತ್ತದಲ್ಲ! ಅವರದ್ದೂ ರಾತ್ರಿ ಪಾಳಿಯೇ.

1957ರಲ್ಲಿ ಸ್ಪುಟ್ನಿಕ್ ಹಾರಿದಾಗ ಈ ಎಣಿಕೆ ಕಂಪ್ಯೂಟರಿಗೆ ಬಂತು. ಅದರ ಕಕ್ಷೆಯನ್ನು ಐಬಿಎಂ 704ರಲ್ಲಿ ಲೆಕ್ಕ ಹಾಕುತ್ತಿದ್ದ ಸ್ಮಿತ್‌ಸೋನಿಯನ್ ಖಗೋಳ ವೀಕ್ಷಣಾಲಯದವರಿಗೆ 24 ಲಕ್ಷ ದಾಟಿದ್ದ ದಿನಸಂಖ್ಯೆ ಭಾರವಾಯಿತು. 2400000.5 ಕಳೆದು, 1858ರ ನವೆಂಬರ್ 17ರ ನಡುರಾತ್ರಿಯಿಂದ ಎಣಿಸತೊಡಗಿದರು. 18 ಬಿಟ್ ಸಾಕಾಯಿತು. ಗಣೇಶ ದೈವಜ್ಞನ ಉಪಾಯವೇ, 437 ವರ್ಷಗಳ ನಂತರ, ಅವನ ಹೆಸರೂ ಕೇಳದವರ ಕೈಯಲ್ಲಿ. ಈ ಕತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ ಇದು.

ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ 1971ರಲ್ಲಿ ದಿನದ ಬದಲು ಸೆಕೆಂಡಿನ 60ನೇ ಒಂದು ಪಾಲನ್ನು ಎಣಿಸಹೊರಟಿತ್ತು. 32 ಬಿಟ್ ಎರಡೂವರೆ ವರ್ಷಕ್ಕೂ ಸಾಲದು ಎಂಬಂತಾಗಿ, ಕೊನೆಗೆ 1970ರ ಜನವರಿ 1ರಿಂದ ಸೆಕೆಂಡು ಎಣಿಸುವ ಪದ್ಧತಿ ನಿಂತಿತು.

ಈಗ ಆ ಪಾಳಿಯವನ ಲೆಕ್ಕ ಮಾಡೋಣ. ಬಂದದ್ದು 1999ರ ಡಿಸೆಂಬರ್ 31ರ ರಾತ್ರಿ 10ಕ್ಕೆ, ಹೋದದ್ದು 2000ದ ಜನವರಿ 1ರ ಬೆಳಿಗ್ಗೆ 6ಕ್ಕೆ ಎಂದಿಟ್ಟುಕೊಳ್ಳಿ. ದಿನ, ತಿಂಗಳು, ವರ್ಷ ಮೂರೂ ಬದಲಾಗಿವೆ. ಸ್ಪುಟ್ನಿಕ್ ಎಣಿಕೆಯಲ್ಲಿ ಮೊದಲನೆಯದು 51543.9167, ಎರಡನೆಯದು 51544.25. ಕಳೆದರೆ 0.3333 ದಿನ. 24ರಿಂದ ಗುಣಿಸಿದರೆ 8 ಗಂಟೆ.

ಹಾಜರಿಯ ಟೇಬಲ್ ಕಟ್ಟುವವರಲ್ಲಿ ನನ್ನದೊಂದು ಕೋರಿಕೆ: ಬರಿಯ ಗಂಟೆಯನ್ನು ಬರೆದಿಡಬೇಡಿ. ಬಂದದ್ದಕ್ಕೂ ಹೋದದ್ದಕ್ಕೂ ತಾರೀಖು ಸಮೇತ ಸಮಯವನ್ನು ತಲಾ ಒಂದೇ ಕಾಲಂನಲ್ಲಿಡಿ. ಒಬ್ಬರ ರಾತ್ರಿ ಪಾಳಿಯ ಸಂಬಳ ಅದರ ಮೇಲೆ ನಿಂತಿದೆ.