ಒಣಗಿದ ಗಿಡಗಳ ಗ್ರಂಥಾಲಯ

ಸಿದ್ದಾಪುರ ತಾಲ್ಲೂಕಿನ ಗಡಿಯಲ್ಲಿ ಶರಾವತಿ ಧುಮುಕುವ ಜೋಗದ ಬಂಡೆಗಳಲ್ಲಿ ಒಂದು ಕಾಲಕ್ಕೆ ಪುಟ್ಟ ಹುಲ್ಲೊಂದು ಬೆಳೆಯುತ್ತಿತ್ತು. ಜಲಪಾತದ ತುಂತುರು ಬಿದ್ದು ಸದಾ ಒದ್ದೆಯಾಗಿರುವ ಕಡಿದಾದ ಕಲ್ಲೇ ಅದರ ನೆಲೆ. 1919ರಲ್ಲಿ ಐಸಿಎಸ್ ಅಧಿಕಾರಿ ಎಲ್.ಜೆ. ಸೆಜ್‌ವಿಕ್ ಮತ್ತು ಅರಣ್ಯಾಧಿಕಾರಿ ಟಿ.ಆರ್.ಡಿ. ಬೆಲ್ ಅದನ್ನು ಸಂಗ್ರಹಿಸಿ ಒಣಗಿಸಿಟ್ಟರು. ವಿಜ್ಞಾನದ ಲೆಕ್ಕಕ್ಕೆ ಅದು ಸೇರಿದ್ದು ಮೂರು ದಶಕಗಳ ಮೇಲೆ. ಹುಲ್ಲುಗಳ ತಜ್ಞ ಎನ್.ಎಲ್. ಬೋರ್ ಆ ಒಣ ಮಾದರಿಯನ್ನು ಪರೀಕ್ಷಿಸಿ, ಇದು ಹೊಸ ಪ್ರಭೇದವಷ್ಟೇ ಅಲ್ಲ, ಹೊಸ ಕುಲವೇ ಎಂದು ತೀರ್ಮಾನಿಸಿ ‘ಹಬಾರ್ಡಿಯಾ ಹೆಪ್ಟಾನ್ಯೂರಾನ್’ ಎಂದು ಕರೆದರು. ಆ ಹೊತ್ತಿಗೆ ಶರಾವತಿಯ ನೀರು ವಿದ್ಯುತ್ ಉತ್ಪಾದನೆಗೆ ತಿರುಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲಂತೂ ಜೋಗದ ತುಂತುರು ಮಳೆಗಾಲದ ಅತಿಥಿಯಾಯಿತು. ಹುಲ್ಲು ಮತ್ತೆ ಕಾಣಲಿಲ್ಲ. ನಶಿಸಿಹೋಯಿತೆಂದೇ ಸಸ್ಯವಿಜ್ಞಾನಿಗಳು ನಂಬಿದರು.

ಈ ಶತಮಾನದ ಆರಂಭದಲ್ಲಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಎಸ್.ಆರ್. ಯಾದವ್ ಮತ್ತು ಸಂಗಡಿಗರಿಗೆ ಮಹಾರಾಷ್ಟ್ರದ ತಿಲಾರಿ ಘಟ್ಟದಲ್ಲಿ ಅದೇ ಹುಲ್ಲು ಸಿಕ್ಕಿತು. ಜೋಗದ ಹುಲ್ಲನ್ನು ಜೀವಂತವಾಗಿ ಕಂಡವರು ಯಾರೂ ಉಳಿದಿರಲಿಲ್ಲ. ಆದರೂ ಇದು ಅದೇ ಎಂದು ಹೇಳಲು ಸಾಧ್ಯವಾದದ್ದು ಎರಡು ವಸ್ತುಗಳಿಂದ: ಒಂದು, 1919ರ ಒಣ ಮಾದರಿ, ಇನ್ನೊಂದು, ಬೋರ್ ಬರೆದ ವಿವರಣೆ. ಮಾದರಿಯನ್ನು ಕಾಪಾಡುವ ಜಾಗಕ್ಕೆ ಹರ್ಬೇರಿಯಂ ಎನ್ನುತ್ತಾರೆ. ವಿವರಣೆಯನ್ನು ಕಾಪಾಡುವುದು ಪುಸ್ತಕಗಳ ಗ್ರಂಥಾಲಯ. ಸಸ್ಯವಿಜ್ಞಾನಕ್ಕೆ ಇವೆರಡೂ ಜೋಡಿಯಾಗಿಯೇ ಬೇಕು.

ಇಂಥದೊಂದು ಜೋಡಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. 1911ರಲ್ಲಿ ಸಂಸ್ಥೆ ಕೆಲಸ ಶುರುಮಾಡಿದಾಗ ಮೊದಲು ತೆರೆದ ಮೂರು ವಿಭಾಗಗಳಲ್ಲಿ ಗ್ರಂಥಾಲಯವೂ ಒಂದು. 1958ರಲ್ಲಿ ಸಂಸ್ಥೆಗೆ ವಿಶ್ವವಿದ್ಯಾಲಯದ ಮಾನ್ಯತೆ ಬಂತು. ಮರುವರ್ಷದ ಸುವರ್ಣ ಮಹೋತ್ಸವದ ನೆನಪಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ ಕೊಟ್ಟ ಹಣದಲ್ಲಿ ಗ್ರಂಥಾಲಯಕ್ಕೆ ಸ್ವಂತ ಕಟ್ಟಡವಾಗಿ, 1965ರ ಜನವರಿಯಲ್ಲಿ ಪುಸ್ತಕಗಳು ಅಲ್ಲಿಗೆ ಹೋದವು. 1995ರಿಂದ ಅದು ಜೆ.ಆರ್.ಡಿ. ಟಾಟಾ ಸ್ಮಾರಕ ಗ್ರಂಥಾಲಯ.

ಹರ್ಬೇರಿಯಂ ಹುಟ್ಟಿದ್ದು ಬೇರೆ ಕಡೆ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಸಸ್ಯವಿಜ್ಞಾನ ಕಲಿಸುತ್ತಿದ್ದ ಪಾದ್ರಿ ಸಿಸಿಲ್ ಜೆ. ಸಲ್ಡಾನ ಅದರ ಮೂಲಪುರುಷರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಜತೆ ಹಾಸನ ಜಿಲ್ಲೆಯ ಕಾಡು, ಗದ್ದೆ, ಕೆರೆಯಂಗಳಗಳ ಗಿಡಗಳನ್ನು ದಾಖಲಿಸಿ, 1976ರಲ್ಲಿ ಆ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ತಂದರು. ಆಮೇಲೆ ಇಡೀ ಕರ್ನಾಟಕದ ಸಸ್ಯಗಳಿಗೆ ಕೈಹಾಕಿದರು. ಅದರ ಮೊದಲ ಸಂಪುಟ 1984ರಲ್ಲಿ, ಎರಡನೆಯದು 1996ರಲ್ಲಿ ಬಂತು. ಆ ಸಂಗ್ರಹ ಈಗ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಆಶ್ರಯದಲ್ಲಿದೆ. ಮನೆ ಬದಲಾದರೂ ಅದರ ಅಂತರರಾಷ್ಟ್ರೀಯ ಸಂಕೇತ ‘ಜೆಸಿಬಿ’ ಎಂದೇ ಉಳಿದಿದೆ. ಜೋಸೆಫ್ ಕಾಲೇಜು, ಬೆಂಗಳೂರು ಎಂಬುದರ ಗುರುತು.

ಹರ್ಬೇರಿಯಂ ಹಾಳೆ ತಯಾರಾಗುವ ಬಗೆ ಸರಳ. ಹೂವೋ ಕಾಯಿಯೋ ಇರುವ ರೆಂಬೆಯನ್ನು ರದ್ದಿ ಪತ್ರಿಕೆಗಳ ನಡುವೆ ಹರವಿ ಬಿಗಿಯಾಗಿ ಕಟ್ಟಬೇಕು, ಒಣಗುವ ತನಕ ಕಾಗದ ಬದಲಿಸುತ್ತಿರಬೇಕು. ಶಿರಸಿ, ಯಲ್ಲಾಪುರದ ಮಳೆಗಾಲದಲ್ಲಿ ಒಂದು ದಿನ ಉದಾಸೀನ ಮಾಡಿದರೂ ಬೂಷ್ಟು ಹಿಡಿಯುತ್ತದೆ. ಒಣಗಿದ್ದನ್ನು ದಪ್ಪ ಹಾಳೆಗೆ ಅಂಟಿಸಿ ಅಥವಾ ಹೊಲಿದು, ಮೂಲೆಯಲ್ಲಿ ಚೀಟಿ ಹಚ್ಚುತ್ತಾರೆ. ಊರು, ಎತ್ತರ, ದಿನಾಂಕ, ಸಂಗ್ರಹಿಸಿದವರ ಹೆಸರು, ಸಂಖ್ಯೆ, ಊರವರು ಕರೆಯುವ ಹೆಸರು, ಒಣಗಿದಾಗ ಮಾಸಿಹೋಗುವ ಹೂವಿನ ಬಣ್ಣ, ಎಲ್ಲವೂ ಅದರಲ್ಲಿರಬೇಕು. ಚೀಟಿಯಿಲ್ಲದ ಮಾದರಿ ಬರೀ ಒಣ ಸೊಪ್ಪು. ಹುಳ ಹಿಡಿಯದಂತೆ ಹಿಂದೆ ಪಾದರಸದ ಲವಣ ಬಳಿಯುತ್ತಿದ್ದರು. ಅದು ಮುಟ್ಟಿದವರಿಗೂ ವಿಷವಾದ್ದರಿಂದ ಹಳೆಯ ಹಾಳೆಗಳನ್ನು ಇಂದಿಗೂ ಎಚ್ಚರದಿಂದ ಬಿಡಿಸಬೇಕು.

ಎಲ್ಲ ಹಾಳೆಗಳೂ ಸಮಾನವಲ್ಲ. ಹೊಸ ಪ್ರಭೇದಕ್ಕೆ ಹೆಸರಿಡುವಾಗ ವಿಜ್ಞಾನಿ ಒಂದು ಮಾದರಿಯನ್ನು ಆಧಾರವಾಗಿ ಗೊತ್ತುಮಾಡಿ, ಶಾಶ್ವತವಾಗಿ ಕಾಪಾಡುವ ವ್ಯವಸ್ಥೆ ಮಾಡುತ್ತಾರೆ. ಇದೇ ‘ಟೈಪ್’ ಮಾದರಿ. ಜಮೀನಿಗೆ ಪಹಣಿ ಹೇಗೋ ಹೆಸರಿಗೆ ಟೈಪ್ ಹಾಗೆ. ತಕರಾರು ಬಂದರೆ ತೆಗೆದು ನೋಡುವುದು ಅದನ್ನೇ. 1958ರಿಂದ ಈಚೆಗೆ ಟೈಪ್ ಸೂಚಿಸದ ಹೊಸ ಹೆಸರನ್ನು ಅಂತರರಾಷ್ಟ್ರೀಯ ನಿಯಮ ಒಪ್ಪುವುದಿಲ್ಲ.

ಪುಸ್ತಕಗಳ ಬದಿಯಲ್ಲೂ ಇಂಥದೇ ನಿಯಮವಿದೆ. ಭೌತವಿಜ್ಞಾನಿಗೆ ಇನ್ನೂರು ವರ್ಷ ಹಳೆಯ ಪ್ರಬಂಧ ಚರಿತ್ರೆಯ ಸರಕು. ಸಸ್ಯಗಳ ಹೆಸರುಗಳ ಲೆಕ್ಕ ಮಾತ್ರ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಿಂದಲೇ ಶುರುವಾಗುತ್ತದೆ, ಮೊದಲು ಇಟ್ಟ ಹೆಸರಿಗೇ ಹಕ್ಕು. ಹಾಗಾಗಿ ಸಸ್ಯವಿಜ್ಞಾನದ ಗ್ರಂಥಾಲಯದಲ್ಲಿ ಹಳೆಯ ಪುಸ್ತಕವೆಂದು ಹೊರಹಾಕುವಂಥದ್ದು ಬಹಳ ಕಡಿಮೆ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರಿಂದ ಇಲ್ಲಿನ ಮರಗಿಡಗಳ ಹಳೆಯ ವಿವರಗಳು ಹೆಚ್ಚಾಗಿ ಆ ಪ್ರಾಂತ್ಯದ ಗ್ರಂಥಗಳಲ್ಲಿವೆ. ಅರಣ್ಯಾಧಿಕಾರಿ ಡಬ್ಲ್ಯು.ಎ. ಟ್ಯಾಲ್ಬಟ್ 1909 ಮತ್ತು 1911ರಲ್ಲಿ ಹೊರತಂದ ಎರಡು ಸಂಪುಟಗಳನ್ನು ಬಿಟ್ಟು ಇಲ್ಲಿನ ಕಾಡನ್ನು ಓದಲಾಗದು.

ಈ ಎರಡೂ ಗ್ರಂಥಾಲಯಗಳ ಬೆಲೆ ತಿಳಿಯಲು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಹೊನ್ನಾವರದಿಂದ ಜೋಗಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿರುವ ಈ ಕಾಡಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ಜಿನುಗುವ ಕೆಸರಿನಲ್ಲಿ ಜಾಯಿಕಾಯಿ ಬಳಗದ ಮರಗಳು ಬೇರನ್ನು ಮಂಡಿಯಂತೆ ಮೇಲೆತ್ತಿ ಉಸಿರಾಡುತ್ತವೆ. 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಇಲ್ಲಿನ ಗೇರು ಬಳಗದ ಮರವೊಂದನ್ನು ಹೊಸ ಪ್ರಭೇದವೆಂದು ವಿವರಿಸಿದರು. ಅದರ ಹೆಸರಿನಲ್ಲೇ ಊರಿದೆ: ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’. ದಕ್ಷಿಣ ಕೇರಳದ ಮರಗಳೆಂದು ಹಿಂದೆ ದಾಖಲಾಗಿದ್ದ ‘ಸಿಜಿಜಿಯಂ ತ್ರಾವಣಕೋರಿಕಂ’ ಮತ್ತು ‘ಮಧುಕಾ ಬೋರ್ಡಿಲ್ಲೋನಿ’ಗಳನ್ನು ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಉತ್ತರ ಕನ್ನಡದ ಇಂಥ ಹಳೆಗಾಡುಗಳಲ್ಲಿ ಗುರುತಿಸಿದರು.

ಇದು ಹೊಸದು, ಅದು ಹಳೆಯದು ಎನ್ನಬೇಕಾದರೆ ಈವರೆಗೆ ತಿಳಿದಿರುವ ಹತ್ತಿರದ ಪ್ರಭೇದಗಳನ್ನೆಲ್ಲ ಜಾಲಾಡಬೇಕು. ಆ ಕೆಲಸ ಕಾಡಿನಲ್ಲಿ ಆಗುವಂಥದ್ದಲ್ಲ. ಅದರ ಫಲ ಮಾತ್ರ ಕಾಡಿಗೇ ಮರಳುತ್ತದೆ. 2011ರಲ್ಲಿ ಕತ್ತಲೆಕಾನು ಒಳಗೊಂಡ ಸುಮಾರು 300 ಚದರ ಕಿಲೋಮೀಟರ್ ಪ್ರದೇಶ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವಾಯಿತು. ಯಾವ ಮರ ಎಲ್ಲಿದೆ, ಎಷ್ಟು ಅಪರೂಪ ಎಂಬ ದಾಖಲೆ ಇಲ್ಲದ ಕಾಡಿನ ಪರವಾಗಿ ವಾದಿಸುವುದು ಕಷ್ಟ.

ಹಳೆಯ ಹಾಳೆಗಳಿಗೆ ಈಗ ಹೊಸ ಉಪಯೋಗಗಳೂ ಸೇರಿವೆ. 1987ರಲ್ಲಿ ಇಂಗ್ಲೆಂಡಿನ ಎಫ್.ಐ. ವುಡ್‌ವರ್ಡ್ ಹರ್ಬೇರಿಯಂ ಎಲೆಗಳ ಪತ್ರರಂಧ್ರಗಳನ್ನು ಎಣಿಸಿ, ಇನ್ನೂರು ವರ್ಷಗಳಲ್ಲಿ ಅವುಗಳ ಸಾಂದ್ರತೆ ಶೇ 40ರಷ್ಟು ಇಳಿದಿರುವುದನ್ನು ತೋರಿಸಿದರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ಎಲೆಗೆ ಕಡಿಮೆ ರಂಧ್ರ ಸಾಕಾಗುತ್ತದೆ. ಚೀಟಿಯ ಮೇಲಿನ ದಿನಾಂಕಗಳಿಂದ ಹೂಬಿಡುವ ಕಾಲ ಹಿಂದೆಮುಂದೆ ಸರಿದದ್ದು ತಿಳಿಯುತ್ತದೆ. ಎಲೆಯ ಚೂರಿನಿಂದ ಡಿಎನ್‌ಎ ತೆಗೆಯಬಹುದು. ಗಿಡ ಒಣಗಿಸಿಟ್ಟವರಿಗೆ ಇವ್ಯಾವುವೂ ಕನಸಿನಲ್ಲೂ ಹೊಳೆದಿರಲಾರವು.

ಆದರೂ ಈ ಸಂಗ್ರಹಗಳ ಆಯುಷ್ಯ ಖಾತ್ರಿಯಿಲ್ಲ. 1943ರ ಬಾಂಬ್ ದಾಳಿಯಲ್ಲಿ ಬರ್ಲಿನ್ನಿನ ಹರ್ಬೇರಿಯಂ ಬಹುಪಾಲು ಸುಟ್ಟುಹೋಗಿ ಎಷ್ಟೋ ಟೈಪ್‌ಗಳು ಕಳೆದವು. 2024ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ಎಂಟು ಲಕ್ಷಕ್ಕೂ ಮಿಕ್ಕಿದ ಮಾದರಿಗಳ ತನ್ನ ಹರ್ಬೇರಿಯಂ ಮುಚ್ಚುವುದಾಗಿ ಸಾರಿತು. ಜಾಗ ಬೇಕು, ಖರ್ಚು ಹೆಚ್ಚು ಎಂಬ ಮಾತು ಶ್ರೀಮಂತ ವಿಶ್ವವಿದ್ಯಾಲಯದಲ್ಲೂ ಕೇಳಿಬಂದರೆ ನಮ್ಮಲ್ಲಿ ಕೇಳಿಬರುವುದು ದೂರವಿಲ್ಲ. ಒಂದೇ ಕಡೆ ಇಟ್ಟದ್ದು ಒಂದೇ ಸಲಕ್ಕೆ ಹೋಗುತ್ತದೆ, ಹಂಚಿಟ್ಟದ್ದು ಉಳಿಯುತ್ತದೆ. ಜೆಸಿಬಿಯ ಹಾಳೆಗಳ ಚಿತ್ರಗಳು, ಟ್ಯಾಲ್ಬಟ್ ಸಂಪುಟಗಳು ಈಗ ಅಂತರ್ಜಾಲದಲ್ಲಿ ಸಿಗುತ್ತವೆ. ಸಿದ್ದಾಪುರದ ವಿದ್ಯಾರ್ಥಿಗೆ ಇದು ದೊಡ್ಡ ಅನುಕೂಲವೇ. ಆದರೆ ಚಿತ್ರದಿಂದ ಡಿಎನ್‌ಎ ತೆಗೆಯಲು ಬರುವುದಿಲ್ಲ.

ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ, ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕುಗಳಲ್ಲಿ ಪದವಿ ಕಾಲೇಜುಗಳಿವೆ. ಸಸ್ಯವಿಜ್ಞಾನ ಓದುವ ಮಕ್ಕಳು ಪ್ರಾಯೋಗಿಕ ಪರೀಕ್ಷೆಗೆಂದು ಗಿಡ ಒಣಗಿಸುತ್ತಾರೆ. ಅಂಕ ಬಿದ್ದ ಮೇಲೆ ಆ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ಅಪರೂಪದ ಗಿಡಗಳನ್ನು ಕೀಳದೆ, ಕಾಯ್ದಿಟ್ಟ ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕೈಹಾಕದೆ, ಬೇಲಿಯಂಚಿನ, ಬೆಟ್ಟದ, ಗದ್ದೆಬದುವಿನ ಸಾಮಾನ್ಯ ಗಿಡಗಳಿಂದಲೇ ಶುರುಮಾಡಬಹುದು. ಚೀಟಿ ಸರಿಯಾಗಿ ಬರೆಯಿರಿ, ಅಜ್ಜಿ ಹೇಳುವ ಹೆಸರನ್ನೂ ಸೇರಿಸಿ. ಒಂದು ಪ್ರತಿ ಕಾಲೇಜಿನ ಕಪಾಟಿನಲ್ಲಿರಲಿ, ಇನ್ನೊಂದು ದೊಡ್ಡ ಹರ್ಬೇರಿಯಂಗೆ ಹೋಗಲಿ. ಅದಕ್ಕೊಂದು ತೇವವಿಲ್ಲದ ಕಪಾಟು ಒದಗಿಸುವುದು ಯಾವ ಕಾಲೇಜಿಗೂ ಭಾರವಲ್ಲ.