ಕಾಣದ ಗಡ್ಡೆಯ ಜಾಡು ಹಿಡಿದವರು

ಅಂಗೈ ಹುಣ್ಣಿಗೆ ಕನ್ನಡಿ ಬೇಡವೆಂಬುದು ನಮ್ಮ ಹಿರಿಯರ ಮಾತು. ಆದರೆ ಬೆನ್ನೆಲುಬಿನ ಕೊಳವೆಯೊಳಗೆ ಅಡಗಿ ಬೆಳೆಯುವ ಗಡ್ಡೆಯನ್ನು ಕಾಣುವ ಬಗೆ ಹೇಗೆ? ಇಂದು ಅದಕ್ಕೆ ಯಂತ್ರಗಳುಂಟು. ಕ್ಷ-ಕಿರಣಗಳೇ ಇನ್ನೂ ಪತ್ತೆಯಾಗದಿದ್ದ ಕಾಲದಲ್ಲಿ, ಲಂಡನ್ನಿನ ಇಬ್ಬರು ವೈದ್ಯರು ಅಂಥದೊಂದು ಗಡ್ಡೆಯ ನೆಲೆಯನ್ನು ಹೊರಗಿನಿಂದಲೇ ಊಹಿಸಿ, ಅದನ್ನು ಹೊರತೆಗೆದು, ಕಾಲು ಕಳೆದುಕೊಂಡಂತಿದ್ದವನನ್ನು ಮತ್ತೆ ನಡೆಯಿಸಿದರು. ಬೆನ್ನುಹುರಿಯ ಹೊದಿಕೆಯೊಳಗಿನ ಗಡ್ಡೆಯನ್ನು ಯಶಸ್ವಿಯಾಗಿ ತೆಗೆದ ಮೊದಲ ನಿದರ್ಶನವೆಂದು ಅದು ಪ್ರಸಿದ್ಧವಾಗಿದೆ.

ರೋಗಿ ನಡುವಯಸ್ಸಿನ ಸೇನಾಧಿಕಾರಿ. 1884ರಲ್ಲಿ ಆತನ ಎಡ ಹೆಗಲ ಹಲಗೆಯ ಕೆಳಗೆ ನೋವೊಂದು ಕಾಣಿಸಿಕೊಂಡಿತು. ಕೆಲಕಾಲ ಅಡಗುವುದು, ಮತ್ತೆ ಮರಳುವುದು; ಮರಳಿದಾಗಲೆಲ್ಲ ಅದೇ ಜಾಗ. ಹಲವು ವೈದ್ಯರನ್ನು ಕಂಡರೂ ಕಾರಣ ತಿಳಿಯಲಿಲ್ಲ. 1887ರಲ್ಲಿ ಕಾಲುಗಳ ಬಲ ಕುಂದಿತು. ಬರಬರುತ್ತ ಎರಡು ಕಾಲುಗಳೂ ಸ್ವಾಧೀನ ತಪ್ಪಿದವು, ಎದೆಯಿಂದ ಕೆಳಗೆ ಸ್ಪರ್ಶಜ್ಞಾನ ಮಾಯವಾಯಿತು, ಮೂತ್ರವಿಸರ್ಜನೆಯೂ ಕಷ್ಟವಾಯಿತು. ಈ ಸ್ಥಿತಿಯಲ್ಲಿ ಆತನನ್ನು ಪರೀಕ್ಷಿಸಿದವರು ನರರೋಗತಜ್ಞ ವಿಲಿಯಂ ಗೋವರ್ಸ್.

ಗೋವರ್ಸರು ರೋಗಿಯ ಮಾತನ್ನು ಬಹು ಶ್ರದ್ಧೆಯಿಂದ ಕೇಳುತ್ತಿದ್ದರು. ರೋಗವೃತ್ತಾಂತವನ್ನು ಶೀಘ್ರಲಿಪಿಯಲ್ಲಿ ಬರೆದಿಡುವುದು ಅವರ ರೂಢಿ. ವೈದ್ಯರೆಲ್ಲರೂ ಈ ಲಿಪಿಯನ್ನು ಕಲಿಯಬೇಕೆಂಬ ಹಟವೂ ಅವರಿಗಿತ್ತು. ಈ ರೋಗಿಯ ವೃತ್ತಾಂತದಲ್ಲಿ ಅವರಿಗೆ ಕಂಡದ್ದೇನು?

ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಎದೆಯ ಭಾಗದಲ್ಲಿ ಒಂದೊಂದು ನರವೂ ನಡುಪಟ್ಟಿಯಂತೆ ದೇಹದ ಒಂದೊಂದು ಪಟ್ಟಿಯನ್ನು ನೋಡಿಕೊಳ್ಳುತ್ತದೆ. ಗಡ್ಡೆಯು ಮೊದಲು ಹತ್ತಿರದ ನರದ ಬೇರನ್ನು ಕೆಣಕಿದಾಗ, ಆ ಪಟ್ಟಿಯಲ್ಲಿ ಮಾತ್ರ ನೋವು. ಬೆಳೆದು ಬೆನ್ನುಹುರಿಯನ್ನೇ ಅದುಮಿದಾಗ, ಅಲ್ಲಿಂದ ಕೆಳಗೆ ಮರವು ಮತ್ತು ಪಾರ್ಶ್ವವಾಯು. ಮೂರು ವರ್ಷದ ಹಿಂದಿನ ಆ ನೋವು ಗಡ್ಡೆಯ ವಿಳಾಸವನ್ನೇ ತಿಳಿಸುತ್ತಿತ್ತು! ಶಸ್ತ್ರಚಿಕಿತ್ಸೆಯೊಂದೇ ದಾರಿಯೆಂದು ನಿಶ್ಚಯಿಸಿದ ಗೋವರ್ಸರು, ಇನ್ನೂ ಮೂವತ್ತು ವರ್ಷದ ತರುಣರಾಗಿದ್ದ ವಿಕ್ಟರ್ ಹಾರ್ಸ್ಲಿಯವರನ್ನು ಕರೆಸಿಕೊಂಡರು.

1887ರ ಜೂನ್ 9ರಂದು, ಕ್ವೀನ್ ಸ್ಕ್ವೇರಿನ ರಾಷ್ಟ್ರೀಯ ಆಸ್ಪತ್ರೆಯಲ್ಲಿ ಹಾರ್ಸ್ಲಿಯವರು ರೋಗಿಯ ಬೆನ್ನನ್ನು ತೆರೆದರು. ಬೆನ್ನೆಲುಬಿನ ಹಿಂಬದಿಯ ಕಮಾನುಗಳನ್ನು ತೆಗೆದು, ಹುರಿಯ ಹೊದಿಕೆಯನ್ನು ಸೀಳಿ ನೋಡಿದರೆ ಅಲ್ಲಿ ಗಡ್ಡೆಯ ಸುಳಿವೇ ಇಲ್ಲ! ಅಲ್ಲಿಗೇ ನಿಲ್ಲಿಸಿದ್ದರೆ ರೋಗಿಯ ಬಾಳು ಹಾಸಿಗೆಯಲ್ಲೇ ಮುಗಿಯುತ್ತಿತ್ತು. ಮೇಲಿನ ಕಮಾನನ್ನು ತೆಗೆದರು. ಇನ್ನೂ ಮೇಲಕ್ಕೆ ಹೋದರು. ಕಡೆಗೆ ಎಡಬದಿಯಲ್ಲಿ ಬಾದಾಮಿಯಾಕಾರದ ಗಡ್ಡೆಯೊಂದು ಹುರಿಯನ್ನು ಅದುಮಿಕೊಂಡು ಕುಳಿತಿರುವುದು ಕಾಣಿಸಿತು. ಹುರಿಗೆ ಘಾಸಿಯಾಗದಂತೆ ಅದನ್ನು ಬಿಡಿಸಿ ತೆಗೆದರು.

ಗಡ್ಡೆ ನಿರೀಕ್ಷಿಸಿದ್ದಕ್ಕಿಂತ ಮೇಲಿದ್ದುದೇಕೆ? ನರಗಳ ಪಟ್ಟಿಗಳು ಹೆಂಚುಗಳಂತೆ ಒಂದರ ಮೇಲೊಂದು ಅಂಚು ಚಾಚಿಕೊಂಡಿರುತ್ತವೆ. ಒಂದು ನರ ಸೋತರೂ ನೆರೆಯ ನರವು ಆ ಭಾಗದ ಸ್ಪರ್ಶವನ್ನು ಸ್ವಲ್ಪಮಟ್ಟಿಗೆ ಉಳಿಸಿಕೊಡುತ್ತದೆ. ಆದುದರಿಂದ ಮರವಿನ ಗೆರೆ ಗಡ್ಡೆಯ ನೆಲೆಗಿಂತ ಕೆಳಗೆ ತೋರುತ್ತದೆ. ಇದು ಮುಂದಿನ ಶಸ್ತ್ರವೈದ್ಯರಿಗೆಲ್ಲ ದೊರೆತ ದೊಡ್ಡ ಪಾಠ.

ರೋಗಿ ನಿಧಾನವಾಗಿ ಚೇತರಿಸಿಕೊಂಡನು. ಒಂದು ವರ್ಷ ಕಳೆಯುವಷ್ಟರಲ್ಲಿ, ದಿನಕ್ಕೆ 16 ಗಂಟೆ ಕಾಲ ದುಡಿಯುತ್ತಿರುವುದಾಗಿ ಆತನೇ ತಿಳಿಸಿದನು. ಆ ದುಡಿಮೆಯಲ್ಲಿ ನಿಲ್ಲುವುದೂ ನಡೆಯುವುದೂ ಬೇಕಾದಷ್ಟಿತ್ತು. ಈ ವೃತ್ತಾಂತವನ್ನು ವೈದ್ಯರಿಬ್ಬರೂ ಜೊತೆಗೂಡಿ 1888ರಲ್ಲಿ ಪ್ರಕಟಿಸಿದರು.

1895ರಲ್ಲಿ ರಂಟ್ಜನ್ನರು ಕ್ಷ-ಕಿರಣಗಳನ್ನು ಕಂಡುಹಿಡಿದರು. ಅವು ಎಲುಬನ್ನು ತೋರಿಸಿದರೂ, ಮೆತ್ತನೆಯ ಬೆನ್ನುಹುರಿಯನ್ನು ತೋರಿಸಲಾರವು. 1971ರಲ್ಲಿ ಲಂಡನ್ನಿನಲ್ಲಿಯೇ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಸಿ.ಟಿ. ಚಿತ್ರ ತೆಗೆಯಲಾಯಿತು. ಅನಂತರ ಬಂದ ಎಂ.ಆರ್.ಐ. ಯಂತ್ರವು ಬೆನ್ನುಹುರಿಯನ್ನೂ ಅದನ್ನೊತ್ತಿದ ಗಡ್ಡೆಯನ್ನೂ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಹಾರ್ಸ್ಲಿಯವರಂತೆ ಕತ್ತಲಲ್ಲಿ ತಡಕುವ ಅಗತ್ಯ ಇಂದಿನ ಶಸ್ತ್ರವೈದ್ಯರಿಗಿಲ್ಲ.

ಹಾಗೆಂದು ರೋಗಿಯ ಮಾತಿನ ಬೆಲೆ ಕಡಿಮೆಯಾಗಿಲ್ಲ. ಯಂತ್ರದ ಕಣ್ಣನ್ನು ಯಾವ ಭಾಗಕ್ಕೆ ತಿರುಗಿಸಬೇಕೆಂಬುದು ಆ ಮಾತಿನಿಂದಲೇ ತಿಳಿಯಬೇಕು. ಬೆನ್ನುನೋವು ಬಾರದ ಮನೆಯಿಲ್ಲ. ಅದರಲ್ಲಿ ಬಹುಪಾಲು ಅಪಾಯದ್ದಲ್ಲ. ಆದರೆ ನೋವು ಎದೆಯನ್ನೋ ಹೊಟ್ಟೆಯನ್ನೋ ಪಟ್ಟಿಯಂತೆ ಸುತ್ತಿ ಬಿಡದೆ ಕಾಡಿದರೆ, ರಾತ್ರಿ ಮಲಗಿದಾಗ ಹೆಚ್ಚಿದರೆ, ವೈದ್ಯರಿಗೆ ತೋರಿಸಬೇಕು. ಕಾಲುಗಳು ಬಲಗುಂದಿದರೆ, ಜೋಮು ಹಿಡಿದು ಬಿಡದಿದ್ದರೆ, ಮಲಮೂತ್ರಗಳ ಹತೋಟಿ ತಪ್ಪಿದರೆ ಒಂದು ದಿನವೂ ತಡಮಾಡಬಾರದು. ಅದುಮಿಸಿಕೊಂಡ ಬೆನ್ನುಹುರಿ ಬಹುಕಾಲ ಕಾಯುವುದಿಲ್ಲ. ನೋವು ಮೊದಲು ಎಲ್ಲಿ ಹುಟ್ಟಿತು, ಯಾವಾಗ ಹುಟ್ಟಿತು, ಎತ್ತ ಹರಿಯಿತು ಎಂಬುದನ್ನು ಮನೆಯವರು ನೆನಪಿಟ್ಟು ಹೇಳಿದರೆ ವೈದ್ಯರ ಅರ್ಧ ಕೆಲಸ ಹಗುರವಾದಂತೆ.